ಬೂಷ್ಟು ಹಿಡಿದ ತಾಳಮದ್ದಳೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸುವ ಬಗೆ

ಮುಂಬಯಿಯ ಕನ್ನಡಿಗರ ಮನೆಗಳ ಲಾಫ್ಟಿನಿಂದ ಇಳಿಯುವ ಕ್ಯಾಸೆಟ್ಟುಗಳಲ್ಲಿ ಎರಡು ಜಾತಿ. ಅಂಗಡಿಯಿಂದ ಕೊಂಡು ತಂದ ಭಾವಗೀತೆ, ಭಕ್ತಿಗೀತೆ, ಸಿನಿಮಾ ಹಾಡಿನವು ಒಂದು. ಅವು ಕೆಟ್ಟರೂ ಬೇರೆ ಯಾರದ್ದೋ ಮನೆಯಲ್ಲಿ ಇನ್ನೊಂದು ಪ್ರತಿ ಇದ್ದೀತು. ಎರಡನೆಯದು, ಟೂ-ಇನ್-ಒನ್ ಅನ್ನು (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಯಂತ್ರ) ಸಭಾಂಗಣದ ಎದುರು ಸಾಲಿನಲ್ಲಿಟ್ಟು ಮನೆಯವರೇ ರೆಕಾರ್ಡ್ ಮಾಡಿದ ತಾಳಮದ್ದಳೆ, ಅಂದರೆ ವೇಷ-ಕುಣಿತವಿಲ್ಲದ ಮಾತು-ಹಾಡಿನ ಯಕ್ಷಗಾನ. ಇದು ಕೆಟ್ಟರೆ ಆ ರಾತ್ರಿಯ ಮಾತು ಹೋಯಿತು ಎಂದೇ ಲೆಕ್ಕ. ನಾನು ಹೆಚ್ಚಾಗಿ ಕೈಹಾಕುವುದು ಈ ಎರಡನೆಯದಕ್ಕೆ. ಇಲ್ಲಿ ಬರೆದದ್ದೂ ಅದಕ್ಕೇ ಅನ್ವಯ.

ಕ್ಯಾಸೆಟ್ಟು ಕೈಗೆ ಬಂದ ಕೂಡಲೆ ಅದನ್ನು ಪ್ಲೇಯರಿಗೆ ಹಾಕಬೇಡಿ. ಮೊದಲು ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಎ ಬದಿ ನಿಮ್ಮ ಕಡೆಗೆ, ಟೇಪು ಕಾಣುವ ಅಂಚು ಕೆಳಗೆ ಬರುವಂತೆ ಹಿಡಿದರೆ ಮೇಲೆ ಎಡಗಡೆ ಇರುವುದು ಎ ಬದಿಯ ಕಿವಿ. ಮುರಿದ ಜಾಗಕ್ಕೆ ಯಾರಾದರೂ ಹಿಂದೆ ಸೆಲೋಟೇಪ್ ಅಂಟಿಸಿದ್ದರೆ ಅದನ್ನೂ ಕಿತ್ತುಹಾಕಿ. ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಇನ್ನು ಅಳಿಸಿಹೋಗುವುದಿಲ್ಲ.

ಆಮೇಲೆ ಕ್ಯಾಸೆಟ್ಟಿನ ಕಿಟಕಿಯ ಮೇಲೆ ಟಾರ್ಚನ್ನು ಓರೆಯಾಗಿ ಬಿಟ್ಟು ಸುರುಳಿಯನ್ನು ನೋಡಿ. ಮೈ ನಯವಾಗಿ, ಒಂದೇ ಬಣ್ಣವಾಗಿ ಕಂಡರೆ ಒಳ್ಳೆಯದು. ಹಪ್ಪಳದ ಮೇಲೆ ಉಳಿದ ಹಿಟ್ಟಿನ ಹಾಗೆ ಬಿಳಿ ಮಚ್ಚೆ ಕಂಡರೆ ಅದು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬಯಿಯ ಗಾಳಿಯಲ್ಲಿ ನೀರೇ ತುಂಬಿರುವಾಗ ಇದು ಬರದಿದ್ದರೆ ಆಶ್ಚರ್ಯ. ಹಸಿ ಬೂಷ್ಟನ್ನು ಒರೆಸಿದರೆ ಟೇಪಿಗೆ ಮೆತ್ತಿಕೊಳ್ಳುತ್ತದೆ, ಹಾಗಾಗಿ ಮೊದಲು ಒಣಗಿಸಬೇಕು. ಗಾಳಿಯಾಡದ ಡಬ್ಬಿಯಲ್ಲಿ 10 ಕ್ಯಾಸೆಟ್ಟಿಗೆ 100 ಗ್ರಾಂ ಸಿಲಿಕಾ ಜೆಲ್ ಹಾಕಿ, ಕ್ಯಾಸೆಟ್ಟಿನ ಹೊರ ಡಬ್ಬಿ ತೆಗೆದು, 10 ದಿನ ಇಡುತ್ತೇನೆ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡವೇ ಬೇಡ, ಟೇಪು ಸೊಟ್ಟಗಾಗುತ್ತದೆ.

ಒಣಗಿದ ಮೇಲೆ ಮಾಸ್ಕ್ ಹಾಕಿ, ಬಾಲ್ಕನಿಯಲ್ಲಿ ಮೆತ್ತನೆ ಬ್ರಷ್ಷಿನಿಂದ ಉದುರಿಸಿ. ನಂತರ, ಕೆಟ್ಟರೂ ಪರವಾಗಿಲ್ಲ ಎನ್ನುವಂಥ, ಮುಚ್ಚಳ ತೆಗೆದ ಒಂದು ಹಳೇ ಪ್ಲೇಯರಿನಲ್ಲಿ ಹಾಕಿ, ಕನ್ನಡಕ ಒರೆಸುವ ಬಟ್ಟೆಯ ತುಂಡನ್ನು ಟೇಪಿಗೆ ಹಗುರಾಗಿ ತಾಗಿಸಿಕೊಂಡು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ. ಬಟ್ಟೆಯ ಜಾಗ ಆಗಾಗ ಬದಲಿಸಿ. ಒಳ್ಳೆಯ ಡೆಕ್ಕಿನಲ್ಲಿ ಈ ಕೆಲಸ ಮಾಡಿದರೆ ಬೂಷ್ಟಿನ ಬೀಜ ಅಲ್ಲೇ ಉಳಿದು ಮುಂದಿನ ಕ್ಯಾಸೆಟ್ಟಿಗೆ ಅಂಟುತ್ತದೆ.

ಸಿ-60, ಸಿ-90 ಎಂದರೆ ಎರಡೂ ಬದಿ ಸೇರಿ ಅಷ್ಟು ನಿಮಿಷ. ಸಿ-60 ಟೇಪಿನ ದಪ್ಪ ಸುಮಾರು 18 ಮೈಕ್ರಾನ್, ಸಿ-90ರದ್ದು 12, ಸಿ-120ರದ್ದು 9. ತಾಳಮದ್ದಳೆಗೆ ಎಲ್ಲರೂ ಸಿ-90 ಹಾಕುತ್ತಿದ್ದರು, 45 ನಿಮಿಷಕ್ಕೊಮ್ಮೆ ತಿರುವಿದರೆ ಸಾಕಲ್ಲ. ಸಿ-120 ಸಿಕ್ಕಿದರೆ ಅದನ್ನು ಫಾಸ್ಟ್ ಫಾರ್ವರ್ಡ್ ಮಾಡಲು ನನಗೆ ಧೈರ್ಯವಿಲ್ಲ. ನಟರಾಜ ಪೆನ್ಸಿಲ್ಲಿನ ಆರು ಮೂಲೆ ಚಕ್ರದ ಹಲ್ಲುಗಳಿಗೆ ಸರಿಯಾಗಿ ಕೂರುತ್ತದೆ, ಕೈಯಲ್ಲೇ ಸುತ್ತಿ.

ಧ್ವನಿ ಕಂಬಳಿಯೊಳಗಿಂದ ಬಂದ ಹಾಗಿದ್ದರೆ ಮೊದಲ ಸಂಶಯ ಪ್ರೆಶರ್ ಪ್ಯಾಡಿನ ಮೇಲೆ. ಟೇಪನ್ನು ಹೆಡ್ಡಿಗೆ (ಟೇಪಿನಿಂದ ಧ್ವನಿ ಓದುವ ಭಾಗ) ಒತ್ತಿಹಿಡಿಯುವ ಆ ಸಣ್ಣ ಫೆಲ್ಟ್ ತುಂಡಿನ ಗೋಂದು ವರ್ಷಗಳಲ್ಲಿ ಒಣಗಿ ಉದುರಿಹೋಗಿರುತ್ತದೆ. ಬೇರೆ ಕ್ಯಾಸೆಟ್ಟಿನಿಂದ ತಗಡಿನ ಸ್ಪ್ರಿಂಗ್ ಸಮೇತ ತೆಗೆದು ಹಾಕಿ. ಐದು ಸ್ಕ್ರೂ ಇರುವ ಶೆಲ್ (ಕ್ಯಾಸೆಟ್ಟಿನ ಹೊರ ಕವಚ) ಆದರೆ ಸುಲಭ. ಅಂಟಿಸಿ ಮುಚ್ಚಿದ ಶೆಲ್ ಆದರೆ ಕೂಡುಗೆರೆಯುದ್ದಕ್ಕೂ ಬ್ಲೇಡ್ ಎಳೆದು ಬಿಡಿಸಿ, ಸುರುಳಿಯನ್ನು ಸ್ಕ್ರೂ ಶೆಲ್ಲಿಗೆ ವರ್ಗಾಯಿಸಬೇಕು. ಬಿಚ್ಚುವಾಗ ಕ್ಯಾಸೆಟ್ಟು ಮೇಜಿನ ಮೇಲೆ ಮಲಗಿರಲಿ. ಮೂಲೆಯ ರೋಲರುಗಳ ಸೂಜಿಯಂಥ ಕಡ್ಡಿಗಳು ಒಮ್ಮೆ ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ತುಂಡಾದ ಟೇಪನ್ನು ಎರಡೂ ತುದಿ ಒಂದರ ಮೇಲೊಂದಿಟ್ಟು ಓರೆಯಾಗಿ ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ, ಹೆಡ್ಡಿಗೆ ತಾಗದ ಒಳಮೈಗೆ ಸ್ಪ್ಲೈಸಿಂಗ್ ಟೇಪ್ (ಟೇಪು ಜೋಡಿಸಲೆಂದೇ ಇರುವ ಅಂಟುಪಟ್ಟಿ) ಹಾಕಿ. ಸೆಲೋಟೇಪಿನ ಗೋಂದು ಹೊರಗೆ ಒಸರಿ ಪಕ್ಕದ ಸುತ್ತಿಗೂ ಅಂಟಿಕೊಳ್ಳುತ್ತದೆ, ಒಂದು ತುಂಡು ಹೋಗಿ ಮೂರಾಗುತ್ತದೆ.

ಡೆಕ್ ಹುಡುಕುವವರು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಬಹುದು, ಶುಕ್ರವಾರ ಬಿಟ್ಟು. ಜೇಬಿನಲ್ಲಿ ಕೊಳಲಿನ ಒಂದು ಕ್ಯಾಸೆಟ್ ಇರಲಿ. ಉದ್ದ ಸ್ವರ ಅಲುಗಾಡಿದರೆ ಬೆಲ್ಟೋ, ಟೇಪನ್ನು ಒತ್ತಿ ಎಳೆಯುವ ರಬ್ಬರಿನ ಪಿಂಚ್ ರೋಲರೋ ಹೋಗಿದೆ. ಇವೆರಡೂ ರಿಪೇರಿ ಆಗುವಂಥವು. ಹೆಡ್ಡಿನ ಮೇಲೆ ಉಗುರು ಹಾಯಿಸಿದಾಗ ಮೆಟ್ಟಿಲು ಸಿಕ್ಕಿದ ಹಾಗಾದರೆ ಮಾತ್ರ ಅದನ್ನು ಅಲ್ಲೇ ಇಟ್ಟು ಬನ್ನಿ. ಬೆಲ್ಟು ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಹಳೆಯದರ ಸುತ್ತಳತೆಗಿಂತ ಸುಮಾರು ನೂರಕ್ಕೆ 5 ಪಾಲು ಚಿಕ್ಕದು ತನ್ನಿ. ತೀರಾ ಬಿಗಿಯಾದರೆ ಮೋಟಾರಿನ ಬುಷ್ ಸವೆಯುತ್ತದೆ. ಕೆಲವು ಹಳೇ ಬೆಲ್ಟುಗಳು ಕರಗಿ ಡಾಂಬರಿನಂತಾಗಿ ಪುಲ್ಲಿಗೆ ಮೆತ್ತಿರುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ಕಣವೂ ಉಳಿಯದಂತೆ ತೆಗೆಯಬೇಕು. ಹೆಡ್ಡಿಗೂ ಅದೇ ಆಲ್ಕೋಹಾಲು. ಪಿಂಚ್ ರೋಲರಿನ ರಬ್ಬರಿಗೆ ಮಾತ್ರ ಸೋಪು ನೀರು ಸಾಕು.

ಇನ್ನು ಹೆಡ್ಡಿನ ಓರೆ, ಅಂದರೆ ಅಜಿಮತ್. ನನ್ನ ಪ್ರಕಾರ ಇಡೀ ಕೆಲಸದ ಅರ್ಧ ಇಲ್ಲಿದೆ. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ, ನೇರ ಕಂಪ್ಯೂಟರಿಗೆ ಏರಿಸಿ ಆಮೇಲೆ ಈಕ್ವಲೈಸರಿನಲ್ಲಿ ಟ್ರೆಬಲ್ ಏರಿಸುತ್ತಾರೆ. ಇಲ್ಲದ ಧ್ವನಿಯನ್ನು ಏರಿಸಿದರೆ ಬರುವುದು ಬರೀ ಉಸ್ಸೆಂಬ ಸದ್ದು. ಲೆಕ್ಕ ನೋಡಿ: ಟೇಪು ಸೆಕೆಂಡಿಗೆ 47.6 ಮಿಲಿಮೀಟರ್ ಓಡುತ್ತದೆ. 10,000 ಹರ್ಟ್ಸ್ ಸದ್ದಿನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 4.76 ಮೈಕ್ರಾನ್. ಮೋನೋ ಟ್ರ್ಯಾಕಿನ ಅಗಲ 1.5 ಮಿಲಿಮೀಟರ್. ಹೆಡ್ಡು ಒಂದು ಡಿಗ್ರಿಯ ಆರರಲ್ಲೊಂದು ಪಾಲು ವಾಲಿದರೆ ಟ್ರ್ಯಾಕಿನ ಮೇಲಂಚಿಗೂ ಕೆಳಂಚಿಗೂ 4.4 ಮೈಕ್ರಾನ್ ಅಂತರ ಬೀಳುತ್ತದೆ, ಹೆಚ್ಚುಕಮ್ಮಿ ಒಂದು ಇಡೀ ಅಲೆಯಷ್ಟು. ಮೇಲರ್ಧದ ಸದ್ದನ್ನು ಕೆಳಗರ್ಧವೇ ತಿಂದುಹಾಕುತ್ತದೆ. ಆ ಕಾಲದ ಟೂ-ಇನ್-ಒನ್ನುಗಳ ಹೆಡ್ಡು ಒಂದೊಂದು ಒಂದೊಂದು ಕಡೆ ವಾಲಿರುತ್ತಿತ್ತು. ಹಾಗಾಗಿ ನಿಮ್ಮ ಡೆಕ್ಕು ಎಷ್ಟೇ ಸರಿಯಿರಲಿ, ಆ ಟೇಪು ರೆಕಾರ್ಡ್ ಆದಾಗ ಹೆಡ್ಡು ಎಷ್ಟು ಸೊಟ್ಟಗಿತ್ತೋ ಈಗ ನಿಮ್ಮದೂ ಅಷ್ಟೇ ಸೊಟ್ಟಗಾಗಬೇಕು.

ಹೆಡ್ಡಿನ ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ. ಸ್ಪ್ರಿಂಗ್ ಇರುವುದು ಅಜಿಮತ್ತಿನದು. ಈಗಿರುವ ಸ್ಥಾನವನ್ನು ಮಾರ್ಕರಿನಿಂದ ಗುರುತಿಸಿ, ಕಾಂತವಾಗದ ಹಿತ್ತಾಳೆಯ ಸ್ಕ್ರೂಡ್ರೈವರ್ ಬಳಸಿ. ಎರಡೂ ಚಾನೆಲ್ ಸೇರಿಸಿ ಮೋನೋ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಪದ್ಯದ ಜಾಗ ಹಚ್ಚಿ. ಚಕ್ರತಾಳದ ನಾದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಂತೆ ಒಂದು ಬಿಂದುವಿನಲ್ಲಿ ತಾಳ ‘ಣಿಂ’ ಎಂದು ತೆರೆದುಕೊಳ್ಳುತ್ತದೆ, ದಾಟಿದರೆ ಮತ್ತೆ ಮಂಕಾಗುತ್ತದೆ. ಹಿಮ್ಮೇಳ ಇಲ್ಲದ ಜಾಗವಾದರೆ, ಪಾತ್ರದ ಮಾತಾಡುವ ಅರ್ಥಧಾರಿಯ ‘ಸ’, ‘ಶ’ ಕೇಳಿ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಕಾಗಿ ಬಂದರೆ ತೊಂದರೆ ಬೇರೆ ಎಲ್ಲೋ ಇದೆ, ಪ್ಯಾಡ್ ನೋಡಿ. ಬಿ ಬದಿ ಹಾಕಿದಾಗ ಇಷ್ಟನ್ನೂ ಹೊಸದಾಗಿ ಮಾಡಬೇಕು.

ಟೇಪಿನ ಉಸ್ಸೆಂಬ ಸದ್ದು ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಇರಲಿ. ಟೂ-ಇನ್-ಒನ್ನಿನಲ್ಲಿ ಡಾಲ್ಬಿ ಇರಲಿಲ್ಲ, ಈಗ ಹಾಕಿದರೆ ಇದ್ದ ಟ್ರೆಬಲ್ಲೂ ಹೋಗುತ್ತದೆ.

ವೇಗದ ವಿಷಯ ಸ್ವಲ್ಪ ಸೂಕ್ಷ್ಮ. ಸೆಲ್ ಇಳಿದ ಯಂತ್ರ ನಿಧಾನ ಓಡಿ ರೆಕಾರ್ಡ್ ಮಾಡಿರುತ್ತದೆ. ಸರಿಯಾದ ಡೆಕ್ಕಿನಲ್ಲಿ ಅದು ಬೇಗ ಓಡಿ, ಶ್ರುತಿ ಮೇಲೇರಿ, ಭೀಮನೂ ಬಾಲಕನಂತೆ ಮಾತಾಡುತ್ತಾನೆ. ಕರೆಂಟಿಗೆ ಹಚ್ಚಿದ ಯಂತ್ರವಾದರೆ ಟೇಪಿನಲ್ಲಿ ಉಳಿದಿರುವ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯಿಂದ ವೇಗ ಅಳೆಯಬಹುದು ಎನ್ನುವವರಿದ್ದಾರೆ. ನಮ್ಮ ವಿದ್ಯುತ್ ಗ್ರಿಡ್ ಆ ಕಾಲದಲ್ಲಿ 50ಕ್ಕೆ ಅಂಟಿಕೊಂಡು ಕೂತಿರಲಿಲ್ಲ, ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಹಾರ್ಮೋನಿಯಂ ಶ್ರುತಿಯೇ ವಾಸಿ. ಪದ್ಯ ಹಾಡುವ ಭಾಗವತರು ಕಪ್ಪು ಒಂದೋ ಬಿಳಿ ನಾಲ್ಕೋ ಒಂದು ಮನೆ (ಹಾರ್ಮೋನಿಯಂ ಕೀಲಿ) ಹಿಡಿದಿರುತ್ತಾರೆ. ಶ್ರುತಿ ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿದೆ. ಸೆಲ್ಲಿನ ಯಂತ್ರವಾದರೆ ಯಾವ ಕಡೆ ತಪ್ಪಿದೆ ಎಂಬ ಪ್ರಶ್ನೆಯೂ ಇಲ್ಲ, ಕೆಳಗಿನ ಮನೆಗೆ ಇಳಿಸಿ. ಒಂದು ಮನೆಯ ಅಂತರ ಸುಮಾರು ನೂರಕ್ಕೆ 6. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇಡ, ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವುದನ್ನೇ ಬಳಸಿ. ರಾತ್ರಿ ಕಳೆದಂತೆ ಸೆಲ್ ಇಳಿಯುತ್ತದೆ, ಮೊದಲ ಕ್ಯಾಸೆಟ್ಟಿನ ಲೆಕ್ಕ ನಾಲ್ಕನೆಯದಕ್ಕೆ ಹೊಂದುವುದಿಲ್ಲ.

ರೆಕಾರ್ಡಿಂಗಿಗೆ ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ. ಮೈಕ್ ತೂತಿಗೆ ಚುಚ್ಚಿದರೆ ಧ್ವನಿ ಒಡೆಯುತ್ತದೆ. 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲು. 45 ನಿಮಿಷದ ಒಂದು ಬದಿಗೆ ಸ್ಟೀರಿಯೋದಲ್ಲಿ ಸುಮಾರು 780 ಎಂಬಿ ಆಗುತ್ತದೆ. ಅರ್ಥಗಾರಿಕೆಯ ಮಾತು ಮೈನಸ್ 18 ಡೆಸಿಬೆಲ್ ಆಸುಪಾಸಿನಲ್ಲಿರಲಿ, ಚೆಂಡೆಯ ಪೆಟ್ಟು ಮೈನಸ್ 6 ದಾಟದಿರಲಿ. ಗುಂಯ್ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಫ್ರಿಜ್ ಶುರುವಾದಾಗಿನ ‘ಟಕ್’ ಕೂಡ ರೆಕಾರ್ಡ್ ಆಗುತ್ತದೆ.

ಚೆಂಡೆ ಬಡಿದ ಕೂಡಲೆ ಧ್ವನಿ ಕುಗ್ಗಿ, ಮೆಲ್ಲಗೆ ಮೇಲೇಳುವುದು ಟೂ-ಇನ್-ಒನ್ನಿನೊಳಗಿನ ಸ್ವಯಂಚಾಲಿತ ಲೆವೆಲ್ಲಿನ ಕರಾಮತ್ತು. ಜೋರು ಸದ್ದಿಗೆ ಅದು ತಗ್ಗಿಸುತ್ತದೆ, ಸದ್ದಿಲ್ಲದಾಗ ಫ್ಯಾನನ್ನೂ ಎತ್ತಿ ತೋರಿಸುತ್ತದೆ. ಇದನ್ನು ಸರಿಪಡಿಸುವ ಭರದಲ್ಲಿ ಮೂಲ ಫೈಲನ್ನು ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಆಡಿ. ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಿದ ತಾಳಮದ್ದಳೆಯಲ್ಲಿ ಮದ್ದಳೆಯ ಎಡದ ಗುಂಕಿ ನೀರಿನೊಳಗೆ ಬಾರಿಸಿದ ಹಾಗೆ ಕೇಳುತ್ತದೆ. ಹಿನ್ನೆಲೆಯಲ್ಲಿ ಲೋಕಲ್ ಟ್ರೇನು ಹಾದುಹೋದರೆ ಹೋಗಲಿ ಬಿಡಿ. ಬದಿ ತಿರುವುವಾಗ ತಪ್ಪಿಹೋದ ಮಾತಿನ ಜಾಗದಲ್ಲಿ ಎರಡು ತುಂಡನ್ನು ಅಂಟಿಸಿ ಮುಚ್ಚುವುದೂ ಬೇಡ, ಕೇಳುವವರಿಗೆ ಅಲ್ಲಿ ಕಡಿದಿದೆ ಎಂದು ಗೊತ್ತಾಗಬೇಕು. ಡಬ್ಬಿಯ ಚೀಟಿಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಫೈಲಿನ ಜೊತೆಗಿಡಿ, ಪಾತ್ರ-ಅರ್ಥಧಾರಿ ಪಟ್ಟಿ ಇರುವುದು ಅದರ ಮೇಲೇ.

ಮುಗಿದ ಮೇಲೆ ಕ್ಯಾಸೆಟ್ಟನ್ನು ರಿವೈಂಡ್ ಮಾಡದೆ, ಕೊನೆತನಕ ಪ್ಲೇ ಆದ ಸ್ಥಿತಿಯಲ್ಲೇ ಬಿಡಿ. ಸುತ್ತು ಸಮನಾಗಿ ಕೂತಿರುತ್ತದೆ. ನಿಲ್ಲಿಸಿ ಇಡಿ, ಮಲಗಿಸಬೇಡಿ. ಡಬ್ಬಿಯ ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ ಅಡುಗೆಗೆ ಬಳಸದ ಒಂದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಮತ್ತೆ ನೀಲಿಯಾದ ಮೇಲೆ ಪೂರ್ತಿ ತಣಿಸಿ ಒಳಗೆ ಹಾಕಿ.