ಮೊದಲು ಹೊರುವ ಲೆಕ್ಕ, ಆಮೇಲೆ ಬೇಟೆ

ಜೂನ್ ಮೊದಲ ವಾರ ಮೊಬೈಲ್‌ಗೆ ಮೆಸೇಜ್ ಬಂತು. ಈ ಸಲ ಟ್ಯಾಗ್ ಸಿಕ್ಕಿದೆ! ಟ್ಯಾಗ್ ಅಂದ್ರೆ ಒಂದು ಪ್ರಾಣಿಯ ಬೇಟೆಗೆ ಸರ್ಕಾರ ಕೊಡುವ ಪರವಾನಗಿ. ಹೆಣ್ಣು ಎಲ್ಕ್ (ದೊಡ್ಡ ಜಾತಿಯ ಜಿಂಕೆ), ಮೊದಲ ರೈಫಲ್ ಸೀಸನ್, ಅಕ್ಟೋಬರ್ ನಡುವಿನ 5 ದಿನ. ಓದಿದ ತಕ್ಷಣ ಗ್ಯಾರೇಜಿಗೆ ಹೋಗಿ ಡೀಪ್ ಫ್ರೀಜರ್ ಬಾಗಿಲು ತೆಗೆದೆ, ಎಷ್ಟು ಜಾಗ ಖಾಲಿ ಇದೆ ನೋಡೋಣ ಅಂತ. ಅರ್ಧ ತುಂಬಿತ್ತು. ಅವತ್ತಿನಿಂದಲೇ ಮನೆಯಲ್ಲಿ ಫ್ರೀಜರ್ ಖಾಲಿ ಮಾಡುವ ಕೆಲಸ ಶುರುವಾಯಿತು.

ನಾನು ಕೊಡಗಿನವನು. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ಗೆ ಬಂದು 14 ವರ್ಷ ಆಯಿತು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅಜ್ಜನ ಮನೆಯಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವುದನ್ನು ನೋಡುತ್ತಲೇ ಬೆಳೆದೆ. ಆದರೆ ನಾನು ಹುಟ್ಟುವ ಹೊತ್ತಿಗೆ ಬೇಟೆ ನಿಂತುಹೋಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಉಳಿದದ್ದು ಪೂಜೆಗೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ. ಅದು ಸರಿಯೇ. ನಮ್ಮ ಕಾಡಲ್ಲಿ ಉಳಿದಿರುವುದು ಉಳಿಯಲಿ.

ಇಲ್ಲಿಯ ಲೆಕ್ಕ ಬೇರೆ. ಕೊಲೊರಾಡೊದಲ್ಲಿ ಸುಮಾರು 2,80,000 ಎಲ್ಕ್ ಇವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಯಾವ ಬೆಟ್ಟದ ಹಿಂಡಿಗೆ ಎಷ್ಟು ಟ್ಯಾಗ್ ಅಂತ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಗೊತ್ತುಮಾಡುತ್ತದೆ. 2022–23ರ ಚಳಿಗಾಲದಲ್ಲಿ ವಾಯವ್ಯ ಮೂಲೆಯಲ್ಲಿ ಭಾರಿ ಹಿಮ ಬಿದ್ದು ಪ್ರಾಣಿಗಳು ಸತ್ತವು. 2023ರ ಬೇಟೆಗೆ ಅಲ್ಲಿ ಟ್ಯಾಗ್‌ಗಳನ್ನು ತುಂಬಾ ಕಡಿಮೆ ಮಾಡಿದರು. ನನಗೂ ಸಿಗಲಿಲ್ಲ. ಬೇಸರವಾಯಿತು, ಆದರೆ ಹಿಂಡು ಚೇತರಿಸಿಕೊಳ್ಳಲಿ ಅಂತ ನಾನೂ ಬಯಸಿದ್ದೆ.

ಅರ್ಜಿ ಹಾಕುವುದು ಏಪ್ರಿಲ್ ಮೊದಲ ವಾರದೊಳಗೆ. 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಲೇಬೇಕು. ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ ವೀಸಾದ್ದು. ಎಚ್‌-1ಬಿ ಥರದ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅಂತ ಫೆಡರಲ್ ಕಾನೂನು ಹೇಳುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿ ಇರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೂ ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಅಷ್ಟು ವರ್ಷ ಪಕ್ಕದ ಮನೆಯ ಹಿರಿಯರ ಜೊತೆ ಸುಮ್ನೆ ಚೀಲ ಹೊರಲು ಹೋಗುತ್ತಿದ್ದೆ. ಅವರಿಗೀಗ 71. ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಲ್ಲಿ 30 ವರ್ಷದಿಂದ ಓಡಾಡಿದವರು. ನನಗೆ ಈ ವಿದ್ಯೆ ಕಲಿಸಿದ ಗುರು ಅವರೇ. ಯಾವ ಕಣಿವೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವರ ಜಾಗ.

ಎಲ್ಕ್ ಅಂದ್ರೆ ನಮ್ಮ ಕಡವೆಯ ದಾಯಾದಿ, ಆದರೆ ಮೈಯಲ್ಲಿ ಇನ್ನೂ ದೊಡ್ಡದು. ಹೆಣ್ಣೇ ಸುಮಾರು 225 ಕೆಜಿ ತೂಗುತ್ತದೆ. ಗಂಡು 300 ದಾಟುತ್ತದೆ. ಈ ತೂಕ ಎಂಥದ್ದು ಅಂತ ನನಗೆ ಅರ್ಥವಾದದ್ದು 2022ರ ಅಕ್ಟೋಬರ್‌ನಲ್ಲಿ.

ನನ್ನ ಮೊದಲ ಟ್ಯಾಗ್ ಅದು. ಮಧ್ಯಾಹ್ನ ಮೂರೂವರೆ ದಾಟಿತ್ತು. ರಸ್ತೆಯಿಂದ 3 ಕಿಲೋಮೀಟರ್‌ಗಿಂತ ಜಾಸ್ತಿ ದೂರ, ಸುಮಾರು 1,000 ಅಡಿ ಕೆಳಗೆ ಒಂದು ಕಣಿವೆ. ಆಸ್ಪೆನ್ ಮರಗಳ ಅಂಚಿಗೆ 6 ಹೆಣ್ಣು ಎಲ್ಕ್ ಬಂದವು. 140 ಗಜದಿಂದ ಗುಂಡು ಹೊಡೆದೆ. ನಾಲ್ಕು ಹೆಜ್ಜೆ ಹೋಗಿ ಬಿತ್ತು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಹತ್ತಿರ ಹೋಗಿ, ಮೊಣಕಾಲೂರಿ ಅದರ ಕತ್ತಿನ ಒರಟು ಕೂದಲ ಮೇಲೆ ಕೈಯಿಟ್ಟಾಗ ನನಗೆ ಮಾತೇ ಬರಲಿಲ್ಲ. ಹಿರಿಯರು ಬಂದು ಆಕಾಶ ನೋಡಿದರು, ಆಮೇಲೆ ನಾವು ಇಳಿದು ಬಂದ ಗುಡ್ಡ ನೋಡಿದರು. "ಮಗಾ, ಇವತ್ತು ನಿದ್ದೆ ಇಲ್ಲ" ಅನ್ನುವ ಅರ್ಥದಲ್ಲಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

ಆ ವಾರ ಹಗಲು ಬಿಸಿಲು ಚುರುಕಾಗಿತ್ತು. ತೊಡೆಗಳನ್ನು ಮೂಳೆ ಸಮೇತ ಬೇರೆ ಮಾಡಿದೆವು. ಒಂದೊಂದು ಹಿಂದಿನ ತೊಡೆ ಬೆನ್ನಿಗೆ ಹಾಕಿಕೊಂಡರೆ ಕಾಲು ನಡುಗುವಷ್ಟು ಭಾರ. ರಾತ್ರಿ ಒಂದೂವರೆಯವರೆಗೆ ಹತ್ತಿ ಇಳಿದರೂ ಒಂದು ತೊಡೆ ಕೆಳಗೇ ಉಳಿಯಿತು. ಮರಕ್ಕೆ ಕಟ್ಟಿ ಬಂದೆವು. ಮರುದಿನ ಮಧ್ಯಾಹ್ನ ಹೋಗಿ ತಂದು ಕೊಯ್ದಾಗ ಸೊಂಟದ ಕೀಲಿನ ಸುತ್ತ ಹುಳಿ ವಾಸನೆ. ಹೊರಗೆ ತಣ್ಣಗಿದ್ದರೂ ದಪ್ಪ ಮಾಂಸದ ಒಳಗೆ ಮೂಳೆಯ ಬಿಸಿ ಆರಿರಲಿಲ್ಲ. ಐದು ಕೆಜಿಯಷ್ಟು ಎಸೆಯಬೇಕಾಯಿತು. ತಿನ್ನುವ ಮಾಂಸವನ್ನು ಹಾಳುಮಾಡುವುದು ಇಲ್ಲಿ ಕಾನೂನಿನ ಪ್ರಕಾರ ತಪ್ಪು. ಕಾನೂನು ಬಿಡಿ, ನನಗೆ ಅಜ್ಜ ನೆನಪಾದರು. ಬೇಟೆಯ ಪಾಲು ಹಾಕುವಾಗ ನಾಯಿಗೂ ಒಂದು ಪಾಲು ಇಡುತ್ತಿದ್ದರಂತೆ. ಅಂಥ ಮನೆಯ ಮೊಮ್ಮಗ ಐದು ಕೆಜಿ ಮಾಂಸ ಕೊಳೆಸಿದೆ. ಆ ಸಂಕಟ ಇನ್ನೂ ಹೋಗಿಲ್ಲ.

ಅವತ್ತಿನಿಂದ ನನ್ನ ಯೋಜನೆ ತಿರುಗುಮುರುಗಾಯಿತು. ಮೊದಲೆಲ್ಲ "ಎಲ್ಕ್ ಎಲ್ಲಿ ಸಿಗುತ್ತೆ?" ಅಂತ ಮ್ಯಾಪ್ ನೋಡುತ್ತಿದ್ದೆ. ಈಗ "ಎಲ್ಲಿಂದ ಹೊತ್ತು ತರಬಹುದು?" ಅಂತ ನೋಡುತ್ತೇನೆ. ಮ್ಯಾಪಿನ ಮೇಲೆ ಗಾಡಿ ನಿಲ್ಲಿಸುವ ಜಾಗದಿಂದ ಎರಡು ಕಿಲೋಮೀಟರ್‌ಗೆ ಒಂದು ಗೆರೆ ಎಳೆದಿದ್ದೇನೆ. ಗಾಡಿಗಿಂತ ಎತ್ತರದ ಜಾಗಗಳಿಗೆ ಹಸಿರು ಪೆನ್ಸಿಲ್. ಅಲ್ಲಿಂದ ಹೊರೆ ಇಳಿಸಿಕೊಂಡು ಬರಬಹುದು. ತಗ್ಗಿನ ಕಣಿವೆಗಳಿಗೆ ಕೆಂಪು. ಕೆಂಪಿನಲ್ಲಿ ಎಲ್ಕ್ ನಿಂತಿದ್ದರೂ ಕೋವಿ ಎತ್ತುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಮಧ್ಯಾಹ್ನ ಮೂರರ ಮೇಲೆ ದೂರದ ಬೇಟೆಯೂ ಬೇಡ. ಹೋದ ವರ್ಷ ಹೀಗೇ ಎರಡು ಸಲ ಬಿಟ್ಟೆವು, ಬರಿಗೈಲಿ ಬಂದೆವು.

ಫ್ಲ್ಯಾಟ್ ಟಾಪ್ಸ್‌ನ ದೊಡ್ಡ ಭಾಗ ಕಾನೂನಿನ ಪ್ರಕಾರ ವಿಲ್ಡರ್ನೆಸ್, ಅಂದರೆ ಹೇಗಿದೆಯೋ ಹಾಗೇ ಬಿಟ್ಟ ಕಾಡು. 1919ರಲ್ಲಿ ಆರ್ಥರ್ ಕಾರ್ಹಾರ್ಟ್ ಎಂಬ ಅರಣ್ಯ ಇಲಾಖೆಯ ನೌಕರನನ್ನು ಇಲ್ಲಿನ ಟ್ರ್ಯಾಪರ್ಸ್ ಲೇಕ್ ಸುತ್ತ ಬೇಸಿಗೆ ಮನೆಗಳಿಗೆ ಸೈಟ್ ಗುರುತಿಸಲು ಕಳಿಸಿದ್ದರು. ಆತ ವಾಪಸ್ ಬಂದು, ಇಲ್ಲಿ ಏನೂ ಕಟ್ಟಬೇಡಿ, ಹೀಗೇ ಬಿಡಿ ಅಂದ. ಆ ಕೆರೆಯ ದಡದಲ್ಲಿ ನಿಂತಾಗಲೆಲ್ಲ ಮನಸ್ಸಿನಲ್ಲೇ ಅವನಿಗೆ ಕೈ ಮುಗಿಯುತ್ತೇನೆ. ಇವತ್ತಿಗೂ ವಿಲ್ಡರ್ನೆಸ್ ಒಳಗೆ ಮೋಟಾರು ಇಲ್ಲ, ಸೈಕಲ್ ಇಲ್ಲ, ಮಾಂಸ ಎಳೆಯುವ ಕೈಗಾಡಿಗೂ ಜಾಗವಿಲ್ಲ. ಕುದುರೆ ಬೆನ್ನು, ಇಲ್ಲವೇ ನಮ್ಮ ಬೆನ್ನು.

ಹಾಗಾಗಿ ಜೂನ್‌ನಿಂದ ಬೆನ್ನನ್ನು ತಯಾರು ಮಾಡುತ್ತಿದ್ದೇನೆ. ಇಂಡಿಯನ್ ಸ್ಟೋರಿನ ಸೋನಾ ಮಸೂರಿ ಅಕ್ಕಿ 20 ಪೌಂಡ್ ಚೀಲದಲ್ಲಿ ಬರುತ್ತದಲ್ವಾ, ಅದೇ ನನ್ನ ತೂಕದ ಕಲ್ಲು. ಮೊದಲ ತಿಂಗಳು ಒಂದು ಚೀಲ, ಈಗ ಎರಡು. ವಾರಕ್ಕೆ ಮೂರು ದಿನ, ಆಫೀಸಿಗೆ ಹೋಗುವ ಮೊದಲು ಹಾರ್ಸ್‌ಟೂತ್ ಗುಡ್ಡ ಹತ್ತಿ ಇಳಿಯುತ್ತೇನೆ. ಮೂರನೇ ಚೀಲ ಸೆಪ್ಟೆಂಬರ್‌ನಲ್ಲಿ. ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಪೆಟ್ಟು ಜಾಸ್ತಿ. ನಮ್ಮ ಕ್ಯಾಂಪ್ ಇರುವುದು 9,500 ಅಡಿ ಎತ್ತರದಲ್ಲಿ. ಗಾಳಿ ತೆಳು, ಅದಕ್ಕೇ ಸೀಸನ್‌ಗೆ ಎರಡು ದಿನ ಮುಂಚೆಯೇ ಹೋಗಿ ಟೆಂಟ್ ಹಾಕುತ್ತೇವೆ.

ಕೋವಿ ವಿಚಾರ ಬೇಗ ಹೇಳಿಬಿಡುತ್ತೇನೆ. ನನ್ನದು ಹಳೇ .308. ತಾಮ್ರದ ಗುಂಡು ಬಳಸುತ್ತೇನೆ. ಮಕ್ಕಳು ತಿನ್ನುವ ಮಾಂಸ, ಅದರಲ್ಲಿ ಸೀಸದ ಚೂರು ಬೇಡ. ರೇಂಜಿನಲ್ಲಿ ಬೆಂಚಿನ ಮೇಲಿಂದ ಎಲ್ಲರೂ ಚೆನ್ನಾಗಿ ಹೊಡೆಯುತ್ತಾರೆ. ಓಡಿ ಬಂದು, ಏದುಸಿರಲ್ಲೇ ಕೂತು, ಕೋಲಿನ ಮೇಲೆ ಕೋವಿ ಇಟ್ಟು ಹೊಡೆದು ನೋಡಬೇಕು. ಹಾಗೆ ಹೊಡೆದಾಗ 200 ಗಜದಾಚೆ ನನ್ನ ಗುರಿ ಚದುರುತ್ತದೆ. ಅಲ್ಲಿಗೆ ನನ್ನ ಗಡಿ 200 ಗಜ.

ಮೈಮೇಲೆ 500 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಹೊಳಪಿನ ಬಟ್ಟೆ ಇರಬೇಕು, ತಲೆಗೂ ಟೋಪಿ. ನನ್ನ ಮಗಳು ಈಗಾಗಲೇ ಗುಲಾಬಿ ಜಾಕೆಟ್ ಆರಿಸಿಟ್ಟಿದ್ದಾಳೆ. ಅವಳಿಗೆ ಈಗ 11. ದೊಡ್ಡ ಪ್ರಾಣಿಯ ಬೇಟೆಗೆ 12 ತುಂಬಬೇಕು. ಕೋರ್ಸ್ ಮುಗಿಸಿಕೊಂಡಿದ್ದಾಳೆ. ಈ ವರ್ಷ ಕ್ಯಾಂಪಿಗೆ ಮಾತ್ರ ಬರುತ್ತಾಳೆ.

ಗಾಳಿಯ ವಿಷಯಕ್ಕೆ ಬಂದರೆ ನಾನು ಎಷ್ಟು ಹೊತ್ತಾದರೂ ಮಾತಾಡುತ್ತೇನೆ. ನಾವು ಎಲ್ಕ್‌ನ ಕಣ್ಣಿಗೆ ಬಿದ್ದರೂ ಒಮ್ಮೊಮ್ಮೆ ಬಚಾವಾಗಬಹುದು, ಅದರ ಮೂಗಿಗೆ ಸಿಕ್ಕರೆ ಮುಗಿಯಿತು. ಬೆಟ್ಟದಲ್ಲಿ ಬೆಳಗಿನ ಜಾವ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ನೀರಿನ ಹಾಗೆ. ಬಿಸಿಲು ಬಿದ್ದು ನೆಲ ಕಾದಮೇಲೆ ಅದೇ ಗಾಳಿ ಮೇಲಕ್ಕೆ ಏಳುತ್ತದೆ. ಈ ಎರಡರ ನಡುವೆ ಅರ್ಧ ಗಂಟೆ ಅದಕ್ಕೆ ದಿಕ್ಕೇ ಇರುವುದಿಲ್ಲ. ಆಗ ಅಲುಗಾಡದೆ ಕೂರಬೇಕು. ಎಲ್ಕ್ ನಸುಕಿನಲ್ಲಿ ಬಯಲಲ್ಲಿ ಮೇಯುತ್ತವೆ, ಹಗಲು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್ ಕಾಡಿಗೆ ಮಲಗಲು ಹೋಗುತ್ತವೆ. ನಾವು ಕೂರುವುದು ಆ ದಾರಿಯಲ್ಲಿ, ಗಾಳಿ ನಮ್ಮ ಮುಖಕ್ಕೆ ಬಡಿಯುವ ಕಡೆ.

ಗಾಳಿ ನೋಡಲು ಅಂಗಡಿಯಲ್ಲಿ ಪುಡಿಯ ಬಾಟಲಿ ಸಿಗುತ್ತದೆ. ಪುಡಿ ಎರಡು ಮಾರು ಹೋಗಿ ಕಾಣದಂತಾಗುತ್ತದೆ. ಹಿರಿಯರು ನನಗೆ ತೋರಿಸಿದ್ದು ಮಿಲ್ಕ್‌ವೀಡ್ ಗಿಡದ ಕಾಯಿ. ಮೊದಲ ಸಲ ಅವರು ಆ ಕಾಯಿ ಒಡೆದಾಗ ನಾನು, "ಅರೆ, ಇದು ನಮ್ಮ ಎಕ್ಕದ ಕಾಯಿ!" ಅಂತ ಕನ್ನಡದಲ್ಲೇ ಕೂಗಿಬಿಟ್ಟೆ. ನಿಜಕ್ಕೂ ಎರಡೂ ಒಂದೇ ಕುಟುಂಬದ ಗಿಡಗಳು. ಅದೇ ಹಾಲು, ಒಳಗೆ ಮೀನಿನ ಪೊರೆಯಂತೆ ಜೋಡಿಸಿಟ್ಟ ಕಂದು ಬೀಜ, ಅದಕ್ಕೆ ಅಂಟಿದ ಬೆಳ್ಳಿ ಅರಳೆ. ಒಂದು ಎಳೆ ಬಿಟ್ಟರೆ ನೂರು ಅಡಿ ದೂರದವರೆಗೂ ಕಣ್ಣಿಗೆ ಕಾಣುತ್ತದೆ. ಮೊದಲು ಕೆಳಗೆ ಹೋಗಿ, ಬಂಡೆಯ ಹತ್ತಿರ ತಿರುಗಿ, ಆಮೇಲೆ ಮೇಲೇಳುತ್ತದೆ. ಗಾಳಿಯ ದಾರಿಯನ್ನು ಗೆರೆ ಎಳೆದು ತೋರಿಸಿದ ಹಾಗೆ. ಮನೆ ಹಿಂದಿನ ಕಾಲುವೆ ದಂಡೆಯಲ್ಲಿ ಹೋದ ವರ್ಷ ಕಿತ್ತ ನಾಲ್ಕು ಕಾಯಿ ಒಂದು ಡಬ್ಬಿಯಲ್ಲಿವೆ. ಬೀಜ ಬಿಡಿಸಿ ದಂಡೆಯಲ್ಲೇ ಚೆಲ್ಲಿದ್ದೆ. ಈ ಬೇಸಿಗೆ ಮೂರು ಹೊಸ ಗಿಡ ಬಂದಿವೆ.

ಮಾಂಸದ ಕೆಲಸಕ್ಕೆ ಬೇಕಾದ್ದೆಲ್ಲ ಬೇರೆ ಚೀಲದಲ್ಲಿದೆ. ಎರಡು ಚಾಕು, ಒಂದು ಸಾಣೆ, ಆರು ಹತ್ತಿ ಬಟ್ಟೆಯ ಚೀಲ, 50 ಅಡಿ ಹಗ್ಗ, ಎರಡು ಹೆಡ್‌ಲ್ಯಾಂಪ್. ಈ ಸಲ ಹೊಟ್ಟೆ ಸೀಳದೆ ಒಂದು ಮಗ್ಗುಲ ಚರ್ಮ ಬಿಡಿಸಿ, ತೊಡೆ, ಭುಜ, ಬೆನ್ನಿನ ಮಾಂಸ ತೆಗೆದು, ಮಗ್ಗುಲು ಹೊರಳಿಸಿ ಮತ್ತೆ ಅದೇ ಕೆಲಸ. ಮೂಳೆ ಅಲ್ಲೇ ಬಿಡಿಸಿ, ಚೀಲಕ್ಕೆ ತುಂಬಿ, ನೆರಳಲ್ಲಿ ಗಾಳಿಯಾಡುವಂತೆ ನೇತುಹಾಕುವುದು. ಒಂದು ತುಂಡಿನಲ್ಲಿ ಹೆಣ್ಣು ಅನ್ನುವ ಗುರುತು ಅಂಟಿಕೊಂಡೇ ಇರಬೇಕು, ಅದು ನಿಯಮ. ಮೂಳೆ ಬಿಟ್ಟು ನನಗೆ ಮೊದಲ ಸಲ ಸಿಕ್ಕಿದ್ದು 68 ಕೆಜಿ. ಇಬ್ಬರಿಗೆ ಎರಡೆರಡು ಸರದಿ. ಅಕ್ಕಿ ಚೀಲದ ಲೆಕ್ಕ ಬಂದದ್ದು ಇಲ್ಲಿಂದಲೇ.

ಮನೆಗೆ ಬಂದ ತಕ್ಷಣ ತಿನ್ನುವ ಹಾಗಿಲ್ಲ. ಜಿಂಕೆ, ಎಲ್ಕ್‌ಗಳಿಗೆ ಬರುವ ಸಿಡಬ್ಲ್ಯುಡಿ ಎಂಬ ಮೆದುಳಿನ ಕಾಯಿಲೆ ಮೊದಲು ಕಂಡದ್ದೇ ನಮ್ಮ ಫೋರ್ಟ್ ಕಾಲಿನ್ಸ್‌ನಲ್ಲಿ, 1967ರಲ್ಲಿ. ತಲೆಯನ್ನು ಇಲಾಖೆಗೆ ಕೊಟ್ಟು ಪರೀಕ್ಷೆ ಮಾಡಿಸುತ್ತೇನೆ. ಫಲಿತಾಂಶ ಬರುವವರೆಗೆ ಪ್ಯಾಕೆಟ್‌ಗಳು ಬೇರೆ ಬುಟ್ಟಿಯಲ್ಲಿ. ಕಾಯಿಲೆ ಇದ್ದ ಪ್ರಾಣಿಯನ್ನು ತಿನ್ನಬೇಡಿ ಅಂತ ಇಲ್ಲಿನ ಕೇಂದ್ರ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ನಾನು ಅದನ್ನು ಪಾಲಿಸುತ್ತೇನೆ.

ಆಮೇಲೆ ಕರಿ. ಪಂದಿ ಕರಿಯ ಮಸಾಲೆಯನ್ನೇ ಹಾಕುತ್ತೇನೆ. ಎಲ್ಕ್‌ನಲ್ಲಿ ಕೊಬ್ಬು ತೀರಾ ಕಡಿಮೆ, ಹಾಗಾಗಿ ಒಂದು ಹಿಡಿ ಹಂದಿ ಕೊಬ್ಬು ಕರಗಿಸಿಕೊಂಡೇ ಶುರು ಮಾಡಬೇಕು. ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಕೊನೆಗೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದ ಹೆಂಡತಿ ಒಂದು ಬಾಟಲಿ ತಂದಿದ್ದಾಳೆ. ಅದನ್ನು ಅಕ್ಟೋಬರ್‌ವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ಸೆಪ್ಟೆಂಬರ್ ಆರಂಭಕ್ಕೆ ಕೈಲ್ ಪೊಳ್ದ್. ಇಲ್ಲಿ ತೋಕ್ ಪೂ ಸಿಗುವುದಿಲ್ಲ. ಹಿತ್ತಲಿನ ಚೆಂಡು ಹೂ ಇಟ್ಟು ಕೋವಿಗೆ ಪೂಜೆ ಮಾಡುತ್ತೇವೆ. ಪಕ್ಕದ ಮನೆಯವರೂ ಬರುತ್ತಾರೆ, ತಮ್ಮ ಕೋವಿ ತಂದು ಸಾಲಿನಲ್ಲಿ ಇಡುತ್ತಾರೆ. ಅದಾದ ಮೂರನೇ ವಾರ ಎಲೆಗಳು ಹಳದಿ ತಿರುಗುವ ಹೊತ್ತಿಗೆ ನಾವು ಮೂವರೂ ಒಂದು ರಾತ್ರಿ ಬೆಟ್ಟಕ್ಕೆ ಹೋಗಿ ಬರುವವರಿದ್ದೇವೆ, ಕೋವಿ ಇಲ್ಲದೆ. ಗಂಡು ಎಲ್ಕ್‌ಗಳು ಕೂಗುವ ಕಾಲ ಅದು. ಸಿಳ್ಳೆಯ ಹಾಗೆ ಶುರುವಾಗಿ ಗಂಟಲಿನಲ್ಲಿ ಮುಗಿಯುವ ಆ ಕೂಗನ್ನು ಮಗಳು ಇನ್ನೂ ಕೇಳಿಲ್ಲ. ಟೆಂಟ್ ಒಳಗೆ ಯಾವ ಕಡೆ ತಲೆ ಹಾಕಿ ಮಲಗಿದರೆ ಚೆನ್ನಾಗಿ ಕೇಳಿಸುತ್ತದೆ ಅಂತ ನಿನ್ನೆ ರಾತ್ರಿ ಕೇಳಿದಳು. ಕಾಡಿನ ಕಡೆಗೆ ಅಂದೆ.