ಗೀರಿನ ತಪ್ಪು, ಗಾಜಿನ ತಪ್ಪು: ಗ್ರೇಟಿಂಗ್ ಅಳೆದ ನನ್ನ ಅನುಭವ

ಡಿಫ್ರಾಕ್ಷನ್ ಗ್ರೇಟಿಂಗ್ ಅಂದರೆ ಒತ್ತೊತ್ತಾಗಿ ಗೀರು ಹಾಕಿದ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗಾಜು. ನಾನು ಪರೀಕ್ಷಿಸುವ ಡಿಫ್ರಾಕ್ಷನ್ ಗ್ರೇಟಿಂಗ್‌ಗಳಲ್ಲಿ ಒಂದು ಮಿಲಿಮೀಟರಿಗೆ 1200 ಗೀರುಗಳಿರುತ್ತವೆ. ಗೀರಿನಿಂದ ಗೀರಿಗೆ ಸುಮಾರು 833 ನ್ಯಾನೊಮೀಟರ್. ವಜ್ರದ ಮೊನೆಯಲ್ಲಿ ಗೀರು ಹಾಕುವ ಯಂತ್ರದಲ್ಲಿ ಮುಂದಿನ ಗೀರಿನ ಜಾಗಕ್ಕೆ ಸರಿಸುವ ಸ್ಕ್ರೂ ಚೂರು ಏರುಪೇರಾದರೂ ಆ ತಪ್ಪು ಪ್ರತಿ ಸುತ್ತಿಗೂ ಮರುಕಳಿಸುತ್ತದೆ. ಆಗ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಬಿಡಿಸಿದ ಬಣ್ಣಗಳ ಪಟ್ಟಿಯಲ್ಲಿ, ನಿಜವಾಗಿ ಇಲ್ಲದ ಗೆರೆಗಳು ಕಾಣಿಸಿಕೊಳ್ಳುತ್ತವೆ. 1880ರ ದಶಕದಲ್ಲಿ ಬಾಲ್ಟಿಮೋರ್‌ನಲ್ಲಿ ಇಂಥ ಯಂತ್ರ ಕಟ್ಟಿದ ಹೆನ್ರಿ ರೋಲೆಂಡ್ ಹೆಸರಲ್ಲಿ ಇವನ್ನು ರೋಲೆಂಡ್ ಘೋಸ್ಟ್ ಅನ್ನುತ್ತಾರೆ.

ಅಳೆಯೋದು 632.8 ನ್ಯಾನೊಮೀಟರ್ ಲೇಸರ್ ಇರುವ ಇಂಟರ್‌ಫೆರೋಮೀಟರಿನಲ್ಲಿ. ಇದು ಗ್ರೇಟಿಂಗ್‌ನಿಂದ ಬಂದ ಬೆಳಕಿನ ಅಲೆಯನ್ನು ಒಂದು ರೆಫರೆನ್ಸ್ ಗಾಜಿನಿಂದ ಬಂದ ಅಲೆಯ ಜೊತೆ ಹೋಲಿಸಿ, ವ್ಯತ್ಯಾಸವನ್ನು ನಕ್ಷೆಯಾಗಿ ತೋರಿಸುವ ಉಪಕರಣ. ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುವಂತೆ ಗ್ರೇಟಿಂಗನ್ನು 22.3 ಡಿಗ್ರಿ ತಿರುಗಿಸುತ್ತೇನೆ. ಸಿಗುವ ನಕ್ಷೆಯಲ್ಲಿ ಗಾಜಿನ ಉಬ್ಬುತಗ್ಗು, ಜಾಗ ತಪ್ಪಿದ ಗೀರು ಎರಡೂ ಕಲೆತಿರುತ್ತವೆ. ಸುಮ್ನೆ ನೋಡಿದರೆ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಗ್ರೇಟಿಂಗ್ ಬೆಳಕನ್ನು ಕೆಲವೇ ದಿಕ್ಕುಗಳಿಗೆ ಕಳಿಸುತ್ತದೆ, ಅವನ್ನು ಆರ್ಡರ್ ಅನ್ನುತ್ತಾರೆ; ಮೇಲೆ ಅಳೆದದ್ದು ಪ್ಲಸ್ ಒಂದನೆಯದು. ಅದಕ್ಕೇ ಇನ್ನೊಂದು ಬದಿಗೂ ಅಷ್ಟೇ ತಿರುಗಿಸಿ, ಮೈನಸ್ ಒಂದನೇ ಆರ್ಡರ್‌ನಲ್ಲಿ ಮತ್ತೊಮ್ಮೆ ಅಳೆಯುತ್ತೇನೆ. ಉಬ್ಬುತಗ್ಗು ಎರಡು ನಕ್ಷೆಯಲ್ಲೂ ಒಂದೇ ಥರ ಬರುತ್ತದೆ. ಗೀರಿನ ತಪ್ಪು ಮಾತ್ರ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಗಾಜಿನ ಆಕಾರ ಹೊರಟುಹೋಗುತ್ತದೆ. ರೆಫರೆನ್ಸ್ ಗಾಜಿನ ದೋಷವೂ ಅದರ ಜೊತೆಗೇ ಹೋಗುತ್ತದೆ. ಎಷ್ಟು ಚೆಂದ ಅಲ್ವಾ!

ಆದರೆ ಎರಡು ನಕ್ಷೆಗಳು ಪಿಕ್ಸೆಲ್‌ಗೆ ಪಿಕ್ಸೆಲ್ ಹೊಂದಬೇಕು. ಗ್ರೇಟಿಂಗ್ ಅಂಚಿಗೆ ಸಣ್ಣ ಗುರುತುಗಳನ್ನು ಅಂಟಿಸಿ ಅವುಗಳ ಮೇಲೆ ಹೊಂದಿಸುತ್ತೇನೆ. ಧೂಳು, ಅಂಚಿನ ಪಿಕ್ಸೆಲ್‌ಗಳನ್ನು ತೆಗೆದುಹಾಕುತ್ತೇನೆ. ಸಾಫ್ಟ್‌ವೇರಿನ ಸ್ಮೂತಿಂಗ್ ಫಿಲ್ಟರ್ ಆಫ್ ಆಗಿರಲೇಬೇಕು. ಅದು ನಕ್ಷೆಯನ್ನು ಅಂದವಾಗಿಸುತ್ತದೆ, ನಾವು ಹುಡುಕುತ್ತಿರುವ, ಗೀರಿನ ತಪ್ಪು ಮತ್ತೆ ಮತ್ತೆ ಮರುಕಳಿಸಿ ಮೂಡುವ ಸಣ್ಣ ಅಲೆಯನ್ನೇ ಅಳಿಸಿಬಿಡುತ್ತದೆ.

ಆಮೇಲೆ ಗೀರುಗಳ ಉದ್ದಕ್ಕೂ ಸರಾಸರಿ ತೆಗೆಯುತ್ತೇನೆ. ಸ್ಕ್ರೂನ ತಪ್ಪು ಇಡೀ ಗೀರಿಗೆ ಒಂದೇ ಆಗಿರುವುದರಿಂದ ಅದು ಉಳಿಯುತ್ತದೆ, ಕ್ಯಾಮೆರಾದ ನಾಯ್ಸ್ ತಗ್ಗುತ್ತದೆ. ಓರೆಯಾಗಿ ನೋಡಿದ್ದರಿಂದ ಅಗಲ 0.925ರಷ್ಟಕ್ಕೆ ಕುಗ್ಗಿರುತ್ತದೆ. ಅದನ್ನು ಸರಿಮಾಡದಿದ್ದರೆ 2 ಮಿಲಿಮೀಟರ್ ಅಲೆ 1.85 ಎಂದು ಕಾಣಿಸುತ್ತದೆ, ಯಾವ ಸ್ಕ್ರೂಗೂ ತಾಳೆಯಾಗುವುದಿಲ್ಲ. ಕೊನೆಗೆ, ಯಾವ ಅಂತರದ ಅಲೆ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಫೂರಿಯೆ ಟ್ರಾನ್ಸ್‌ಫಾರ್ಮ್.

ಒಂದು ಗ್ರೇಟಿಂಗ್‌ನಲ್ಲಿ ಸರಿಯಾಗಿ 2 ಮಿಲಿಮೀಟರ್ ಅಂತರಕ್ಕೆ ಚೂಪಾದ ಶಿಖರ ಎದ್ದಿತ್ತು. ಯಂತ್ರದ ಸ್ಕ್ರೂ ಪಿಚ್ಚೂ, ಅಂದರೆ ಒಂದು ಸುತ್ತಿಗೆ ಅದು ಸರಿಸುವ ದೂರವೂ, ಅಷ್ಟೇ. ಅಲೆಯ ಎತ್ತರ ಬರೀ 3 ನ್ಯಾನೊಮೀಟರ್. ಲೆಕ್ಕದ ಪ್ರಕಾರ ಒಂದನೇ ಆರ್ಡರ್‌ನಲ್ಲಿ ಘೋಸ್ಟ್‌ನ ಬೆಳಕು ಮುಖ್ಯ ಗೆರೆಯ ಸುಮಾರು 8,000ದಲ್ಲಿ ಒಂದು ಪಾಲು, ಎರಡನೇ ಆರ್ಡರ್‌ನಲ್ಲಿ ಅದರ ನಾಲ್ಕು ಪಟ್ಟು. ಕತ್ತಲೆ ಕೋಣೆಯಲ್ಲಿ ಲೇಸರ್ ಫೋಕಸ್ ಮಾಡಿ ನೋಡಿದಾಗ ಮುಖ್ಯ ಚುಕ್ಕೆಯ ಎರಡೂ ಪಕ್ಕ ಮಸುಕು ಚುಕ್ಕೆಗಳು ಸಿಕ್ಕವು. ಅವುಗಳ ಅಂತರವೂ 2 ಮಿಲಿಮೀಟರ್ ಲೆಕ್ಕಕ್ಕೇ ಕೂತಿತು. ಗೀರು ಹಾಕುವವರಿಗೆ ಈ ಗ್ರಾಫ್ ಕಳಿಸಿ, ಗಾಜನ್ನು ಮತ್ತೆ ಪಾಲಿಶ್ ಮಾಡಬೇಡಿ, ಸ್ಕ್ರೂ ನೋಡಿ ಎಂದು ಬರೆದೆ.