ಮೂರು ಕಡೆ ಒಂದೇ ಲೆಕ್ಕ ಬರೆದವಳ ರೆಸ್ಯೂಮೆ

ಹನ್ನೊಂದು ವರ್ಷದಲ್ಲಿ ಮೂರು ಕಡೆ ಅಕೌಂಟೆಂಟ್ ಆಗಿದ್ದೆ. 2014ರಿಂದ ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿ, 2018ರಿಂದ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಘಟಕ, 2021ರಿಂದ ಬೆಂಗಳೂರಿನಲ್ಲೇ ಒಬ್ಬ ಪಂಪ್‌ಸೆಟ್ ಡೀಲರ್. ಕಳೆದ ವರ್ಷ ಹೊಸ ಕೆಲಸ ಹುಡುಕಲು ಹೊರಟಾಗ ನನ್ನ ರೆಸ್ಯೂಮೆಯಲ್ಲಿ ಮೂರೂ ಕೆಲಸದ ಕೆಳಗೆ ಅದೇ ಏಳು ಸಾಲು ಇದ್ದವು. ಟ್ಯಾಲಿ ಎಂಟ್ರಿ, ಬ್ಯಾಂಕ್ ತಾಳೆ, ರಿಟರ್ನ್, ಟಿಡಿಎಸ್, ಸಂಬಳ, ಬಾಕಿ ವಸೂಲಿ, ಆಡಿಟ್‌ಗೆ ಕಾಗದ ಜೋಡಿಸುವುದು. ಒಂದೂ ಸುಳ್ಳಲ್ಲ. ಆದರೆ ಎರಡು ತಿಂಗಳು ಯಾರೂ ಕರೆಯಲಿಲ್ಲ.

ಮೊದಲು ಪದ ಬದಲಾಯಿಸಿ ನೋಡಿದೆ. ಒಂದು ಕಡೆ 'ಮಾಡಿದೆ', ಇನ್ನೊಂದು ಕಡೆ 'ನಿರ್ವಹಿಸಿದೆ', ಮತ್ತೊಂದು ಕಡೆ 'ಜವಾಬ್ದಾರಿ ಹೊತ್ತಿದ್ದೆ'. ಓದಿದರೆ ನನಗೇ ಬೇಜಾರಾಯಿತು. ಅದೇ ಅನ್ನಕ್ಕೆ ಮೂರು ತಟ್ಟೆ, ಅಷ್ಟೇ ಅಲ್ವಾ?

ಆಮೇಲೆ ಆ ಏಳು ಸಾಲುಗಳನ್ನು ಒಟ್ಟಿಗೆ ಮೇಲೆ ಹಾಕಿದೆ, ಒಂದೇ ಸಲ, 'ಮೂರೂ ಕಡೆ ಮಾಡಿದ ಕೆಲಸ' ಅಂತ. ಈಗ ಪ್ರತಿ ಕೆಲಸದ ಕೆಳಗೆ ಖಾಲಿ ಜಾಗ. ಆ ಖಾಲಿ ನೋಡಿ ಹೆದರಿಕೆಯಾಯಿತು, ಅದು ನಿಜ. ಅಲ್ಲಿ ಬರೆಯುವಂಥದ್ದು ನನ್ನ ಹತ್ತಿರ ಏನಿದೆ ಅನ್ನಿಸಿತು.

ಅಟ್ಟದ ಮೇಲಿದ್ದ ಹಳೆಯ ಡೈರಿಗಳನ್ನು ಇಳಿಸಿದೆ. ಪ್ರತಿ ವರ್ಷ ಸಪ್ಲೈಯರ್‌ಗಳು ಕೊಡುತ್ತಾರಲ್ಲ, ಅವು. ನಾನು ದಿನದ ಕೆಲಸ ಅದರಲ್ಲೇ ಗೀಚುತ್ತಿದ್ದೆ. 2017ರ ಡೈರಿ ತೆರೆದಾಗಲೇ ವಿಷಯ ಹೊಳೆಯಿತು. ಜೂನ್ ತಿಂಗಳ ತನಕ ವ್ಯಾಟ್ 100 (ಹಳೆಯ ವ್ಯಾಟ್ ತೆರಿಗೆಯ ತಿಂಗಳ ರಿಟರ್ನ್ ಫಾರಂ), ಜುಲೈ 1ರಿಂದ ಜಿಎಸ್‌ಟಿ. ಜೂನ್ 30ರ ರಾತ್ರಿ ಗೋಡೌನ್‌ನಲ್ಲಿ ಕೂತು ಸರಕು ಎಣಿಸಿದ್ದೆವು. ಕೈಯಲ್ಲಿದ್ದ ಸರಕಿಗೆ ಹಳೆಯ ಎಕ್ಸೈಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಆಗಲೇ ಕಟ್ಟಿದ್ದ ಎಕ್ಸೈಸ್ ತೆರಿಗೆಯನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು, ಪೂರ್ತಿ ಪಡೆಯಬೇಕಾದರೆ ಬಿಲ್ ತೋರಿಸಬೇಕಿತ್ತು. ಮೊಳೆ, ಕೀಲು, ಪೈಪ್, ಒಂದೊಂದಕ್ಕೂ ಬಿಲ್ ಹುಡುಕಿ, ಆ ಕ್ರೆಡಿಟ್ ಕೇಳುವ ಟ್ರಾನ್-1 ಫಾರಂ ತುಂಬಿದೆ. ಅದರ ಕೊನೆಯ ದಿನ ಮುಂದೆ ಹೋಗುತ್ತಾ ಹೋಗಿ ಡಿಸೆಂಬರ್ 27ಕ್ಕೆ ನಿಂತಿತು. ಅಷ್ಟರಲ್ಲಿ ನಮ್ಮದು ಮುಗಿದಿತ್ತು. ಇಷ್ಟು ದೊಡ್ಡ ಕೆಲಸ ನನ್ನ ರೆಸ್ಯೂಮೆಯಲ್ಲಿ 'ರಿಟರ್ನ್ ಸಲ್ಲಿಕೆ' ಅನ್ನುವ ಎರಡು ಪದದೊಳಗೆ ಮುಚ್ಚಿಹೋಗಿತ್ತು!

ಆಗ ಗೊತ್ತಾಯಿತು, ಕೆಲಸದ ಹೆಸರು ಒಂದೇ ಇರಬಹುದು, ಕಾಲ ಮತ್ತು ವ್ಯಾಪಾರ ಬೇರೆ. ಪ್ರತಿ ಡೈರಿ ಹಿಡಿದು ಒಂದೇ ಪ್ರಶ್ನೆ ಕೇಳಿಕೊಂಡೆ: ಉಳಿದೆರಡು ಕಡೆ ಇಲ್ಲದ್ದು ಇಲ್ಲಿ ಏನಿತ್ತು?

ಪೀಣ್ಯದಲ್ಲಿ ಜಾಬ್‌ವರ್ಕ್ ಇತ್ತು. ಭಾಗಗಳು ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗಿ ವಾಪಸ್ ಬರಬೇಕು. ಒಂದು ವರ್ಷದೊಳಗೆ ಬಾರದಿದ್ದರೆ ಅದನ್ನು ಮಾರಾಟವೆಂದೇ ಲೆಕ್ಕ ಹಿಡಿದು ತೆರಿಗೆ ಕಟ್ಟಬೇಕು. ನಾನು ಸೇರಿದಾಗ ಸರಕು ಕಳಿಸಿದ ಚಲನ್‌ಗಳು ಒಂದು ಚೀಲದಲ್ಲಿದ್ದವು. ಹೋದದ್ದು, ಬಂದದ್ದು, ಉಳಿದದ್ದು ಅಂತ ಒಂದು ರಿಜಿಸ್ಟರ್ ಮಾಡಿದೆ, ಜಾಬ್‌ವರ್ಕ್ ಲೆಕ್ಕ ಕೊಡುವ ಜಿಎಸ್‌ಟಿ ಫಾರಂ ಐಟಿಸಿ-04 ಅದರಿಂದಲೇ ತುಂಬುತ್ತಿದ್ದೆ. ಇದನ್ನು ಎರಡು ಸಾಲಿನಲ್ಲಿ ಬರೆದೆ.

ಪಂಪ್‌ಸೆಟ್ ಡೀಲರ್ ಹತ್ತಿರ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಶುರುಮಾಡಿದ್ದು ನಾನೇ, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಕ್ರಮ. ಪ್ರತಿ ತಿಂಗಳು 14ಕ್ಕೆ 2ಬಿ (ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಬಂದಮೇಲೆ ಖರೀದಿ ಬಿಲ್‌ಗಳ ಜೊತೆ ತಾಳೆ ನೋಡಿ, ಬಿಲ್ ಅಪ್‌ಲೋಡ್ ಮಾಡದ ಸಪ್ಲೈಯರ್‌ಗಳಿಗೆ ಫೋನ್ ಮಾಡುತ್ತಿದ್ದೆ. ಅವರು ಹಾಕದಿದ್ದರೆ ನಮಗೆ ಕ್ರೆಡಿಟ್ ಇಲ್ಲ.

ವಹಿವಾಟಿನ ಮೊತ್ತ ಎಲ್ಲೂ ಬರೆಯಲಿಲ್ಲ. ಅದು ಮಾಲೀಕರ ಗುಟ್ಟು, ನನ್ನದಲ್ಲ. ತಿಂಗಳಿಗೆ ಅಂದಾಜು ಎಷ್ಟು ಬಿಲ್, ಎಷ್ಟು ಜನರ ಸಂಬಳ, ಇಷ್ಟೇ ಹಾಕಿದೆ. ಕೆಲಸದ ಗಾತ್ರ ತಿಳಿಯಲು ಅದು ಸಾಕು. ಹೊಸ ಕೆಲಸ ಮೇಲೆ, ಹಳೆಯದು ಕೆಳಗೆ ಇಟ್ಟೆ. ಹುಬ್ಬಳ್ಳಿಯದು ಹಳೆಯದಾದರೂ ಅದಕ್ಕೆ ಜಾಸ್ತಿ ಜಾಗ ಕೊಟ್ಟೆ, ಅದು ಅದಕ್ಕೆ ಸಲ್ಲಬೇಕಿತ್ತು. ಒಟ್ಟು ಒಂದೂವರೆ ಪುಟ.

ಮೂರನೇ ವಾರದಲ್ಲಿ ಒಂದು ಕಡೆಯಿಂದ ಕರೆ ಬಂತು. ಎದುರಿಗೆ ಕೂತವರು ಪೀಣ್ಯದ ಸಾಲಿನ ಮೇಲೆ ಬೆರಳಿಟ್ಟು, ಚಲನ್ ಲೆಕ್ಕ ಹೇಗೆ ಇಡುತ್ತಿದ್ದಿರಿ ಅಂತ ಕೇಳಿದರು. ಒಂದು ಹಾಳೆ ಕೇಳಿ ಪಡೆದು ನನ್ನ ರಿಜಿಸ್ಟರ್‌ನ ಕಾಲಂಗಳನ್ನು ಬರೆದು ತೋರಿಸಿದೆ. ಅವರು ಆ ಹಾಳೆಯನ್ನು ತಮ್ಮ ಫೈಲ್‌ಗೆ ಸೇರಿಸಿಕೊಂಡು, ಯಾವತ್ತಿನಿಂದ ಬರುತ್ತೀರಿ ಅಂದರು.